ಭೋಂಗಾ ಆದ ಮೇಲಿನ ಆಟ

ಹೊಳೆಆಲೂರು ಕಾರ್ಖಾನೆಗಳ ಊರಲ್ಲ. ಮಲಪ್ರಭೆಯ ದಂಡೆ, ಎರೆಹೊಲ, ಹತ್ತಿ, ಜೋಳ, ಕಡಲೆ, ಎಪಿಎಂಸಿ, ರೈಲು ನಿಲ್ದಾಣ. ಊರಿನ ಬದುಕು ಇವುಗಳ ಸುತ್ತಲೇ ತಿರುಗುತ್ತದೆ. ಆದರೆ 1880ರ ದಶಕದಲ್ಲಿ ಗದಗ–ಹೊಟಗಿ ರೈಲು ಹಳಿ ಬಿದ್ದಾಗಿನಿಂದ ಗದಗ-ಬೆಟಗೇರಿ, ಹುಬ್ಬಳ್ಳಿಗಳ ಜೊತೆ ನಮ್ಮ ಕೊಡುಕೊಳ್ಳುವಿಕೆ ನಡೆದೇ ಇದೆ. ನಮ್ಮ ಹತ್ತಿ ಅಲ್ಲಿನ ಜಿನ್ನಿಂಗ್ ಫ್ಯಾಕ್ಟರಿಗಳಿಗೆ ಹೋಯಿತು. ನಮ್ಮ ಓಣಿಯ ಹುಡುಗರು ಅಲ್ಲಿನ ಗಿರಣಿಗೆ, ವರ್ಕ್‌ಶಾಪಿಗೆ ದುಡಿಯಲು ಹೋದರು. ದೀಪಾವಳಿಗೆ ಊರಿಗೆ ಬಂದಾಗ ಚೀಲದಲ್ಲಿ ಹೊಸ ಬಟ್ಟೆ ತಂದರು, ಬಾಯಲ್ಲಿ ಸಿನಿಮಾದ ಕಥೆ ತಂದರು. ಕಟ್ಟೆಯ ಮೇಲೆ ಕೂತು ಒಂದು ಸಿನಿಮಾವನ್ನು ಹೊಡೆದಾಟ, ಹಾಡು ಸಮೇತ ರಾತ್ರಿಯಿಡೀ ಹೇಳಬಲ್ಲವರಿದ್ದರು. ಕೇಳಿದ ನಾವು ಅವರು ಸಿನಿಮಾ ಕಂಡ ಟಾಕೀಜನ್ನು ನೋಡುವ ಮೊದಲೇ ಅದರ ಬಾಗಿಲು, ಮೆಟ್ಟಿಲು, ಗೇಟ್ ಕೀಪರನ ಮೀಸೆ ಎಲ್ಲವನ್ನೂ ಬಲ್ಲವರಾಗಿದ್ದೆವು.

ಹುಬ್ಬಳ್ಳಿಯ ಸುಜಾತಾ, ರೂಪಂ, ಸುಧಾ, ಅಪ್ಸರಾ, ಪದ್ಮಾ. ಗದುಗಿನ ಮಹಾಲಕ್ಷ್ಮೀ, ಕೃಷ್ಣಾ, ಶಾಂತಿ. ಈ ಟಾಕೀಜುಗಳ ಹೆಸರುಗಳನ್ನು ಇಂದಿಗೂ ನಮ್ಮ ಕಡೆಯ ಹಿರಿಯರು ಬೀಗರ ಊರಿನ ಹೆಸರು ಹೇಳಿದಷ್ಟು ಸಲೀಸಾಗಿ ಹೇಳುತ್ತಾರೆ. ಇವುಗಳ ದಿನಚರಿಯನ್ನು ಗೊತ್ತುಮಾಡುತ್ತಿದ್ದುದು ದುಡಿಯುವವರ ಗಡಿಯಾರ. ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನ ಭೋಂಗಾ, ಭಾರತ ಮಿಲ್ಲಿನ ಭೋಂಗಾ ಕೂಗಿದ ಮೇಲೆ ಮೈತೊಳೆದು, ಚಹಾ ಕುಡಿದು ಫಸ್ಟ್ ಶೋಗೆ ಬರುವವರು ಒಂದು ಗುಂಪು. ರಾತ್ರಿ ಪಾಳಿಯವರು ಮ್ಯಾಟ್ನಿಗೆ. ಪೇಟೆಯಲ್ಲಿ ಹತ್ತಿ ಮಾರಿ, ಅಡತಿ ಅಂಗಡಿಯ ಲೆಕ್ಕ ಚುಕ್ತಾ ಮಾಡಿಕೊಂಡ ಹಳ್ಳಿಯವರು ಸೆಕೆಂಡ್ ಶೋಗೆ. ಬೆಟಗೇರಿಯ ನೇಕಾರರು ಮಗ್ಗ ನಿಲ್ಲುವ ಅಮಾವಾಸ್ಯೆಯ ದಿನ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬರುತ್ತಿದ್ದರು. ಸಂಬಳದ ವಾರ ಹೌಸ್‌ಫುಲ್ ಬೋರ್ಡು, ತಿಂಗಳ ಕೊನೆಗೆ ಖಾಲಿ ಬೆಂಚು.

ಹೊಳೆಆಲೂರಿನಿಂದ ಹೋದವರಿಗೆ ಸೆಕೆಂಡ್ ಶೋ ಬಿಟ್ಟ ಮೇಲೆ ಗಾಡಿ ಇರುತ್ತಿರಲಿಲ್ಲ. ಮೀಟರ್‌ಗೇಜಿನ ಆ ಕಾಲದಲ್ಲಿ ಗದಗ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ಟವೆಲ್ ಹಾಸಿ, ಬೆಳಗಿನ ಗಾಡಿಯ ತನಕ ಮಲಗುವುದು ರೂಢಿ. ನಮ್ಮ ಕಾಕಾ ನನ್ನನ್ನು ಮೊದಲ ಸಲ ಕರೆದೊಯ್ದಾಗಲೂ ಹಾಗೇ ಆಯಿತು. ‘ಹಸಿವಾತೇನೋ ತಮ್ಮಾ?’ ಎಂದು ಕೇಳಿ, ಅರ್ಧ ರಾತ್ರಿಯಲ್ಲಿ ಎಲ್ಲಿಂದಲೋ ಬಿಸಿ ಮಿರ್ಚಿ ತಂದುಕೊಟ್ಟಿದ್ದರು. ಮನೆಯಲ್ಲಿ ಅವ್ವನಿಗೆ ಹೇಳಿದ್ದು ಮಾತ್ರ ಪೇಟೆಯಲ್ಲಿ ತೂಕ ತಡವಾಯಿತು ಎಂದು.

ಟಾಕೀಜಿನೊಳಗೆ, ಎಲ್ಲಕ್ಕಿಂತ ಮುಂದಿನ ಗಾಂಧಿ ಕ್ಲಾಸಿನಲ್ಲಿ ಕೂತವರಿಗೆ ಪರದೆ ಎಷ್ಟು ಹತ್ತಿರವೆಂದರೆ ನಾಯಕನ ಮುಖ ನೋಡಲು ಕತ್ತು ಮೇಲೆತ್ತಬೇಕು. ಘಂಟಸಾಲ ಅವರ ಭಕ್ತಿಗೀತೆಯೊಂದು ಮುಗಿಯುವಷ್ಟರಲ್ಲಿ ಪರದೆಯ ಮುಂದಿನ ತೆರೆ ಸರಿಯುತ್ತಿತ್ತು. ಅದರ ಬೆನ್ನಿಗೆ ಫಿಲ್ಮ್ಸ್ ಡಿವಿಷನ್ನಿನ ನ್ಯೂಸ್ ರೀಲು. ಎಷ್ಟೋ ಜನ ರೈತರು ಅಣೆಕಟ್ಟೆ, ವಿಮಾನ, ಪ್ರಧಾನಿ ಇವನ್ನೆಲ್ಲ ಮೊದಲು ಕಂಡದ್ದು ಅಲ್ಲಿ. ಹಮಾಲರು, ಗಿರಣಿಯ ಹುಡುಗರು, ಹಳ್ಳಿಯವರು ಮುಂದೆ. ಅಂಗಡಿಕಾರರು, ಮಾಸ್ತರರು ಹಿಂದೆ. ವಕೀಲರು, ಸಾವುಕಾರರು ಬಾಲ್ಕನಿಯಲ್ಲಿ. ಹೆಂಗಸರಿಗೆ ಪಕ್ಕದಲ್ಲಿ ಬೇರೆ ಸಾಲು. ಭೇದ ಇರಲಿಲ್ಲ ಎಂದು ನಾನು ಹೇಳಲಾರೆ. ದುಡ್ಡಿನ ಭೇದ ಟಿಕೆಟ್ಟಿನ ಬಣ್ಣದಲ್ಲೇ ಕಾಣುತ್ತಿತ್ತು. ಆದರೂ ದೀಪ ಆರಿದ ಮೇಲೆ ಎಲ್ಲರೂ ಒಂದೇ ಮಾತಿಗೆ ಅತ್ತರು, ಒಂದೇ ಮಾತಿಗೆ ನಕ್ಕರು. ಸಾವುಕಾರ ಮತ್ತು ಅವನ ಅಂಗಡಿಯ ಹಮಾಲ ಒಂದೇ ಸೂರಿನಡಿ ಮೂರು ತಾಸು ಕೂರುವ ಬೇರೆ ಜಾಗ ಊರಿನಲ್ಲಿ ಎಷ್ಟಿದ್ದವು?

1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ರಾಜಕುಮಾರ್, ಮಂಜುಳಾ ಅಭಿನಯದ ಆ ಚಿತ್ರವನ್ನು ರಾಜ್ಯವೆಲ್ಲ ಮೆಚ್ಚಿತು. ಆದರೆ ಈ ಭಾಗದವರಿಗೆ ಅದು ಮನೆಯ ಸರಕು. ಅದರ ಮೂಲ, ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿ ಬರೆದ ನಾಟಕ. ಕಂಪನಿ ನಾಟಕಗಳಲ್ಲಿ, ಜಾತ್ರೆಯ ಹವ್ಯಾಸಿ ರಂಗದಲ್ಲಿ ಅದನ್ನು ಕಂಡಿದ್ದ ಜನ ಟಾಕೀಜಿನಲ್ಲಿ ಕೂತು ಮಾತಿಗೆ ಮುಂಚೆ ಮಾತು ಹೇಳಿದರು. ಅದಕ್ಕೂ ಮೊದಲು, 1966ರ ‘ಸಂಧ್ಯಾರಾಗ’ದಲ್ಲಿ ರೋಣದ ಭೀಮಸೇನ ಜೋಶಿಯವರ ದನಿ ಕೇಳಿತ್ತು. ಗದುಗಿನ ಓಣಿಗಳಲ್ಲಿ ಆಡಿ ಬೆಳೆದ ಹುಡುಗ ಈಗ ಪರದೆಯ ಹಿಂದಿನಿಂದ ಹಾಡುತ್ತಿದ್ದಾನೆ ಎನ್ನುವ ಹೆಮ್ಮೆ ಸಣ್ಣದಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ತಯಾರಾದದ್ದೂ ನಮ್ಮ ದಿಕ್ಕಿನ ಕೊಲ್ಲಾಪುರದ ಸ್ಟುಡಿಯೋದಲ್ಲಿ. ಸಿನಿಮಾ ಎಂದರೆ ಬೆಂಗಳೂರಿನ ಗಾಂಧಿನಗರ ಎಂದು ಬರೆಯುವವರು ಇದನ್ನು ನೆನಪಿಡಬೇಕು.

ಆ ಚಿತ್ರಮಂದಿರಗಳ ಒಳಗೆ ನನಗೆ ಎಲ್ಲಕ್ಕಿಂತ ಹೆಚ್ಚು ಗೌರವ ಇರುವುದು ಪ್ರೊಜೆಕ್ಟರ್ ರೂಮಿನ ಬಗ್ಗೆ. ಒಮ್ಮೆ ಆಪರೇಟರ್ ಒಬ್ಬರು ಒಳಗೆ ಬಿಟ್ಟುಕೊಂಡಿದ್ದರು. ಎರಡು ಮಷಿನ್ನು, ಬೆಂಕಿಯ ಕಾವು, ಬೆವರಿನಲ್ಲಿ ತೊಯ್ದ ಬನಿಯನ್ನು. ಎರಡು ಕಾರ್ಬನ್ ಕಡ್ಡಿಗಳ ತುದಿಯ ನಡುವೆ ಹೊತ್ತುವ ಕಿಡಿಯೇ ಬೆಳಕು. ಕಡ್ಡಿ ಉರಿದು ಸವೆದಂತೆ ಅವುಗಳ ಅಂತರ ನೋಡಿಕೊಂಡು ಮುಂದೆ ತಳ್ಳುತ್ತಲೇ ಇರಬೇಕು, ಇಲ್ಲವಾದರೆ ಪರದೆ ಕಂದುಗಟ್ಟಿ ಕೆಳಗಿನಿಂದ ಸಿಳ್ಳೆ ಶುರು. ಸೆಕೆಂಡಿಗೆ 24 ಚಿತ್ರ, ನಿಮಿಷಕ್ಕೆ 90 ಅಡಿ ಫಿಲ್ಮು. 2,000 ಅಡಿಯ ರೀಲು ಇಪ್ಪತ್ತೆರಡು ನಿಮಿಷಕ್ಕೆ ಮುಗಿಯುತ್ತದೆ. ಮುಗಿಯುವ ಎಂಟು ಸೆಕೆಂಡು ಮೊದಲು ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ದುಂಡು ಚುಕ್ಕೆ ಮಿಂಚುತ್ತದೆ. ಆಗ ಎರಡನೇ ಮಷಿನ್ನಿನ ಮೋಟಾರು ಚಾಲೂ. ಇನ್ನೊಂದು ಚುಕ್ಕೆ ಕಂಡ ಕ್ಷಣ ಇಲ್ಲಿ ಬೆಳಕು ಮುಚ್ಚಿ ಅಲ್ಲಿ ತೆರೆಯಬೇಕು. ಕೆಳಗೆ ಕೂತ ಜನಕ್ಕೆ ಏನೂ ತಿಳಿಯಬಾರದು. ಫಿಲ್ಮು ಹರಿದರೆ ಬ್ಲೇಡಿನಿಂದ ತುದಿ ಕೆರೆದು, ಸಿಮೆಂಟ್ ಎಂದು ಅವರು ಕರೆಯುತ್ತಿದ್ದ ಅಂಟು ಹಚ್ಚಿ, ಹೆಬ್ಬೆರಳಲ್ಲಿ ಒತ್ತಿ ಹಿಡಿಯುವುದು. ಈ ಕೈಚಳಕ ಕಲಿಸುವ ಶಾಲೆ ನಮ್ಮ ಕಡೆ ಇರಲಿಲ್ಲ. ಒಬ್ಬರ ಪಕ್ಕ ಒಬ್ಬರು ನಿಂತು ವರ್ಷಗಟ್ಟಲೆ ಕಲಿತದ್ದು.

ಆ ರೂಮಿನಿಂದ ಹೊರಗೆ ಬಿದ್ದ ಫಿಲ್ಮಿನ ತುಂಡುಗಳು ನಮ್ಮ ಊರಿನ ತನಕ ಬರುತ್ತಿದ್ದವು. ಸುಟ್ಟ ಬಲ್ಬಿನ ಹಿಂಬದಿ ಒಡೆದು ನೀರು ತುಂಬಿ, ಬಿಸಿಲನ್ನು ಕನ್ನಡಿಯಿಂದ ಒಳಗೆ ಹಾಯಿಸಿ, ಕತ್ತಲೆ ಕೋಣೆಯ ಗೋಡೆಯ ಮೇಲೆ ಧೋತರ ಕಟ್ಟಿದರೆ ರಾಜಕುಮಾರ್ ತಲೆಕೆಳಗಾಗಿ ಮೂಡುತ್ತಿದ್ದರು. ಫಿಲ್ಮನ್ನು ತಿರುವಿ ಹಿಡಿದರೆ ನೆಟ್ಟಗೆ. ಬೆಳಕಿನ ಪಾಠವನ್ನು ನಾನು ಮುಂದೆ ಪುಸ್ತಕದಲ್ಲಿ ಓದಿದ್ದು ಬಹಳ ತಡವಾಗಿ.

ಟಿವಿ ಬಂತು, ಕ್ಯಾಸೆಟ್ ಬಂತು, ಜನ ಬರುವುದು ಬಿಟ್ಟರು ಎಂದು ಸುಲಭವಾಗಿ ಹೇಳುತ್ತೇವೆ. ಅದು ಅರ್ಧ ನಿಜ. ಗಿರಣಿಯ ಭೋಂಗಾ ನಿಂತಾಗಲೇ ಮ್ಯಾಟ್ನಿಯ ಸಾಲು ಕರಗಿತ್ತು. ಪೇಟೆ ಮಧ್ಯದ ಜಾಗದ ಬೆಲೆ ಏರಿದಂತೆ, ದಿನಕ್ಕೆ ನಾಲ್ಕು ಆಟದ ಗಳಿಕೆಗಿಂತ ವಾಣಿಜ್ಯ ಮಳಿಗೆಗಳ ಬಾಡಿಗೆ ದೊಡ್ಡದಾಯಿತು. ರೀಲು ಹೋಗಿ ಡಿಜಿಟಲ್ ಬಂದಾಗ ಹೊಸ ಯಂತ್ರಕ್ಕೆ ಹಣ ಹೂಡಲಾರದವರು ಬಾಗಿಲು ಎಳೆದರು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಮುಚ್ಚಿದ ಕೆಲವು ಮತ್ತೆ ತೆರೆಯಲೇ ಇಲ್ಲ. ಜನಕ್ಕೆ ಸಿನಿಮಾ ಬೇಡವಾಗಿಲ್ಲ. ಅವರ ಕೈಗೆಟುಕುವ, ಕಾಲ್ನಡಿಗೆಯಲ್ಲಿ ಹೋಗಿಬರಬಲ್ಲ ಚಿತ್ರಮಂದಿರ ಇಲ್ಲವಾಗಿದೆ.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ, ತೆರಿಗೆ ಬಿಟ್ಟು, 200 ರೂಪಾಯಿ ಮಿತಿ ಹಾಕಿತು. ಮಲ್ಟಿಪ್ಲೆಕ್ಸಿನವರು ಹೈಕೋರ್ಟಿಗೆ ಹೋದರು, ಅದೇ ತಿಂಗಳು ತಡೆಯಾಜ್ಞೆ ಬಂತು. ಆ ವಾದ ನಡೆಯಲಿ. ಆದರೆ ದಿನಗೂಲಿಯವನು ಹೆಂಡತಿ, ಇಬ್ಬರು ಮಕ್ಕಳ ಜೊತೆ ಹೋದರೆ 200ರ ಲೆಕ್ಕದಲ್ಲೂ 800 ರೂಪಾಯಿ, ಮೇಲೆ ತೆರಿಗೆ, ಬಸ್ಸಿನ ಖರ್ಚು. ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಿಗೆ ಬೇಕಾದದ್ದು ನೂರು ನೂರೈವತ್ತು ಕುರ್ಚಿಗಳ ಸಣ್ಣ, ಸ್ವಚ್ಛ ಚಿತ್ರಮಂದಿರ. ಅದಕ್ಕೆ ಪರವಾನಗಿ ಸುಲಭವಾಗಲಿ, ಕಡಿಮೆ ಬಡ್ಡಿಯ ಸಾಲ ಸಿಗಲಿ, ಇನ್ನೂ ಉಸಿರಾಡುತ್ತಿರುವ ಹಳೆಯ ಟಾಕೀಜುಗಳಿಗೆ ತೆರಿಗೆಯಲ್ಲಿ, ವಿದ್ಯುತ್ ದರದಲ್ಲಿ ರಿಯಾಯಿತಿ ಕೊಡಲಿ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಓಣಿಯಲ್ಲಿ ಹಳೆಯ ಆಪರೇಟರ್, ಗೇಟ್ ಕೀಪರ್, ಪೋಸ್ಟರ್ ಅಂಟಿಸುತ್ತಿದ್ದವರು ಯಾರಾದರೂ ಇದ್ದರೆ ಈ ಭಾನುವಾರ ಅವರ ಮನೆಗೆ ಹೋಗಿ. ಯಾವ ಟಾಕೀಜು, ಯಾವ ವರ್ಷ ಶುರುವಾಯಿತು, ಟಿಕೆಟ್ ಎಷ್ಟಿತ್ತು, ಯಾವ ಸಿನಿಮಾ ಎಷ್ಟು ವಾರ ಓಡಿತು ಎಂದು ಕೇಳಿ ಬರೆದಿಟ್ಟುಕೊಳ್ಳಿ, ಮೊಬೈಲಿನಲ್ಲಿ ಅವರ ದನಿ ಹಿಡಿದಿಡಿ. ನಮ್ಮ ಭಾಗದ ಚಿತ್ರಮಂದಿರಗಳ ಚರಿತ್ರೆ ಅವರ ಬಾಯಲ್ಲಿದೆ, ಮತ್ತು ಅವರಿಗೆಲ್ಲ ಈಗ ವಯಸ್ಸಾಗಿದೆ.