ತೆರಪಿನ ಪಾಠ

ಎಳೆಯರಿಗೆ ಚಿತ್ರಕಲೆಯನ್ನು ಕಲಿಸುವವರು ಒಂದು ವಿಚಿತ್ರವಾದ ಅಭ್ಯಾಸವನ್ನು ಮಾಡಿಸುವುದುಂಟು. ಎದುರಿಗೊಂದು ಕುರ್ಚಿಯನ್ನಿರಿಸಿ, ಕುರ್ಚಿಯನ್ನು ಬರೆಯಬೇಡಿರಿ, ಅದರ ಕಾಲುಗಳ ನಡುವಿನ ತೆರಪುಗಳನ್ನಷ್ಟೇ ಬರೆಯಿರಿ ಎನ್ನುತ್ತಾರೆ. ಅಮೆರಿಕದ ಕಲಾಶಿಕ್ಷಕಿ ಬೆಟ್ಟಿ ಎಡ್ವರ್ಡ್ಸ್ ಅವರು 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಕ್ರಮವು ಬಹಳ ಪ್ರಚಾರಕ್ಕೆ ಬಂದಿತು. ಕಲಾಶಾಲೆಗಳಲ್ಲಿ ಇದನ್ನು ‘ನೆಗೆಟಿವ್ ಸ್ಪೇಸ್’ ಎನ್ನುವರು.

ಕುರ್ಚಿಗೆ ನಾಲ್ಕು ಕಾಲು, ನಾಲ್ಕೂ ಸಮ ಎಂದು ಮಗುವಿಗೆ ಮೊದಲೇ ಗೊತ್ತು. ಆದುದರಿಂದ ಅದು ಕಣ್ಣಿಗೆ ಕಂಡದ್ದನ್ನು ಬಿಟ್ಟು ತನಗೆ ತಿಳಿದದ್ದನ್ನು ಬರೆಯುತ್ತದೆ. ತೆರಪಿಗಾದರೋ ಹೆಸರಿಲ್ಲ, ಅದನ್ನು ನೋಡಿಯೇ ಬರೆಯಬೇಕು. ತೆರಪುಗಳು ಸರಿಯಾಗಿ ಬಂದರೆ ಕುರ್ಚಿಯೂ ತಾನಾಗಿ ಮೂಡಿರುತ್ತದೆ.

ಆ ತೆರಪನ್ನು ಮಗುವಿಗೆ ಏನೆಂದು ಹೇಳಿಕೊಡಬೇಕು? ‘ಅಲ್ಲಿ ಏನೂ ಇಲ್ಲ’ ಎನ್ನುವುದು ಸುಲಭ; ಜೈನದೃಷ್ಟಿಗೆ ಅದು ಸಮ್ಮತವಲ್ಲ. ಆಕಾಶವು ಷಡ್ದ್ರವ್ಯಗಳಲ್ಲೊಂದು. ಉಳಿದ ದ್ರವ್ಯಗಳಿಗೆ ಅವಗಾಹವನ್ನು, ಎಂದರೆ ಇರಲು ಎಡೆಯನ್ನು, ಕೊಡುವುದೇ ಅದರ ಉಪಕಾರ. ಇದನ್ನು ಶೂನ್ಯವಾದದೊಡನೆ ಬೆರೆಸಲಾಗದು. ಕುರ್ಚಿಯು ಸ್ವರೂಪದಿಂದ ಅಸ್ತಿ, ಪರರೂಪದಿಂದ ನಾಸ್ತಿ. ಆ ನಾಸ್ತಿಯನ್ನರಿಯದೆ ಕುರ್ಚಿಯ ಅರಿವು ಪೂರ್ಣವಾಗದು. ಸಪ್ತಭಂಗಿಯ ಈ ಮೊದಲೆರಡು ಭಂಗಗಳನ್ನು ಹತ್ತು ವರ್ಷದ ಮಗುವಿಗೆ ಮಾತಿನಲ್ಲಿ ತಿಳಿಸುವುದು ಕಷ್ಟ. ಪೆನ್ಸಿಲ್ ಕೊಟ್ಟರೆ ಅರ್ಧ ಗಂಟೆಯ ಕೆಲಸ.

ನಿದರ್ಶನಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ದಿಗಂಬರ ಸಂಪ್ರದಾಯದ ಸಿದ್ಧಬಿಂಬಗಳಲ್ಲಿ ಒಂದು ಬಗೆಯುಂಟು: ಲೋಹದ ತಗಡಿನಲ್ಲಿ ಕಾಯೋತ್ಸರ್ಗದ ಆಕೃತಿಯನ್ನು ಕತ್ತರಿಸಿ ತೆಗೆದಿರುತ್ತಾರೆ. ಬಿಂಬವಿರಬೇಕಾದಲ್ಲಿ ಬರಿಯ ಬಯಲು. ಸಿದ್ಧರು ಅಶರೀರಿಗಳು, ಆದರೂ ಅವರ ಆತ್ಮಪ್ರದೇಶಗಳು ಚರಮದೇಹಕ್ಕಿಂತ ಕಿಂಚಿದೂನವಾದ ಆಕಾರದಲ್ಲಿರುತ್ತವೆ. ಈ ತತ್ತ್ವವನ್ನು ಶಿಲ್ಪಿಯು ಲೋಹವನ್ನು ತೆಗೆದೇ ತೋರಿಸಿದ್ದಾನೆ. ಮಕ್ಕಳನ್ನು ಇದರ ಮುಂದೆ ಕೂರಿಸಿ ಚಿತ್ರ ಬರೆಯಿಸಬೇಕು.

ಬರೆಯಿಸುವ ಹಿರಿಯರ ವಿಷಯ ಬೇರೆ. ಬಸದಿಯ ಗೋಡೆಯಲ್ಲಿ ಗೇಣು ತೆರಪು ಕಂಡರೆ ಸಾಕು, ದಾನಿಗಳ ಹೆಸರಿನ ಫಲಕ, ಮಿರುಗುವ ಟೈಲು, ಎಣ್ಣೆಬಣ್ಣ ಬಂದು ಕೂರುತ್ತವೆ. ಶ್ರದ್ಧೆಯಿಂದಲೇ ಮಾಡುತ್ತಾರೆ, ಸಂದೇಹವಿಲ್ಲ. ಆದರೆ ಪರಿಗ್ರಹವೆಂಬುದು ಮನೆಯ ತಿಜೋರಿಗೆ ಮಾತ್ರ ಸಂಬಂಧಿಸಿದ್ದೆ? ಮಕ್ಕಳ ಚಿತ್ರಸ್ಪರ್ಧೆಗಳಲ್ಲಿಯೂ ಕಾಗದವನ್ನು ಅಂಚಿನವರೆಗೆ ತುಂಬಿದವರಿಗೇ ಬಹುಮಾನ ದೊರೆಯುವುದುಂಟು. ಬಿಳಿಯ ಜಾಗವನ್ನು ಉಳಿಸಿದ ಮಗುವಿಗೆ ‘ಇನ್ನೂ ಮುಗಿಸಿಲ್ಲವೇ’ ಎನ್ನುವ ಮೊದಲು, ಅದನ್ನೇಕೆ ಬಿಟ್ಟೆ ಎಂದು ತೀರ್ಪುಗಾರರು ಒಮ್ಮೆ ಕೇಳಬಹುದು.