ಮೆಟ್ಟಿಲ ಮೇಲೆ ಕುಳಿತವರು

ನೋಡಲು ಹೋದ ಊರಿಗೆ ನಾವು ಅತಿಥಿಗಳೋ, ಉಪದ್ರವವೋ? ಈ ಪ್ರಶ್ನೆ ನನ್ನನ್ನು ಹಿಡಿದದ್ದು 2023ರ ಬೇಸಿಗೆ ರಜೆಯಲ್ಲಿ, ವೆನಿಸ್ಸಿನ ಯಾರದೋ ಮನೆಯ ಮೆಟ್ಟಿಲ ಮೇಲೆ ಕುಳಿತು ಚಪಾತಿ ತಿನ್ನುತ್ತಿದ್ದಾಗ.

ಮಗಳು, ಅಳಿಯ ಮ್ಯೂನಿಕ್‌ನಲ್ಲಿದ್ದಾರೆ. ನಾನೂ ನಮ್ಮವರೂ ಹೋಗಿದ್ದಾಗ ಟೆಂಟು, ಒಲೆ, ಪಾತ್ರೆಗಳನ್ನೆಲ್ಲ ಕಾರಿಗೆ ಹೇರಿ ನಮ್ಮನ್ನು ಇಟಲಿಗೆ ಕರೆದೊಯ್ದರು. ವೆನಿಸ್ಸಿನ ಎದುರು ದಡದ ಫುಸಿನಾದಲ್ಲಿ ಮರದಡಿ ನಮ್ಮ ಬಿಡಾರ. ಈ ವಯಸ್ಸಿನಲ್ಲಿ ನೆಲದ ಮೇಲೆ ಮಲಗಿ ಏಳುವುದೆಂದರೆ ಸೊಂಟಕ್ಕೆ ಪರೀಕ್ಷೆಯೇ. ಆದರೂ ಬೆಳಗ್ಗೆ ಎದ್ದು ಚಪಾತಿ ಮಾಡಿ, ಉಪ್ಪಿನಕಾಯಿಯೊಂದಿಗೆ ಕಟ್ಟಿಕೊಂಡು ದೋಣಿ ಹತ್ತಿದೆ.

ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳು, 400ಕ್ಕೂ ಹೆಚ್ಚು ಸೇತುವೆಗಳು. ಕೆಸರಿಗೆ ಮರದ ಗೂಟ ಹೊಡೆದು ಅದರ ಮೇಲೆ ಅರಮನೆ ಕಟ್ಟಿದ ಜನ! ಸಂತ ಮಾರ್ಕನ ಚೌಕಕ್ಕೆ ಬಂದರೆ ಕಾಲಿಡಲು ಜಾಗವಿಲ್ಲ. ಮೊಮ್ಮಗಳಿಗೆ ಹಸಿವು. ಒಂದು ಓಣಿಗೆ ನುಗ್ಗಿ, ನೆರಳಿದ್ದ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದೆವು. ಅಲ್ಲಿ ಹಾಗೆ ಕಂಡಲ್ಲಿ ಕುಳಿತು ತಿಂದರೆ ದಂಡ ಹಾಕುತ್ತಾರೆಂದು ನಮಗೆ ತಿಳಿದದ್ದು ಆಮೇಲೆ.

ಸ್ವಲ್ಪ ಹೊತ್ತಿಗೆ ಗಾಲಿಚೀಲ ಎಳೆದುಕೊಂಡು ಒಬ್ಬ ಮುದುಕಿ ಬಂದರು. ಚೀಲದಲ್ಲಿ ತರಕಾರಿ. ಬೈಯಲಿಲ್ಲ, ನಗಲಿಲ್ಲ, ಸುಮ್ಮನೆ ನಿಂತರು. ಗಡಿಬಿಡಿಯಿಂದ ಎದ್ದೆವು. ಅವರು ಒಳಗೆ ಹೋದರು. ಚಿಲಕ ಹಾಕಿದ ಸದ್ದು ಕೇಳಿಸಿತು.

"ಎಷ್ಟು ಜಂಬ ನೋಡಮ್ಮ ಆ ಅಜ್ಜಿಗೆ!" ಎಂದಳು ಮಗಳು. ನಾನು ಮಾತಾಡಲಿಲ್ಲ. ಆ ಚಿಲಕದ ಸದ್ದು ನನಗೆ ಹೊಸದಲ್ಲ.

ನಮ್ಮ ಮನೆ ಉಡುಪಿಯಲ್ಲಿ, ರಥಬೀದಿಯ ಹಿಂದಿನ ಓಣಿಯಲ್ಲಿ. ಎರಡು ವರ್ಷಕ್ಕೊಮ್ಮೆ ಪರ್ಯಾಯ ಬಂದಾಗ ನಮ್ಮ ಜಗಲಿ ನಮ್ಮದಲ್ಲ. ಅತ್ತೆ ಇದ್ದಷ್ಟು ಕಾಲ ಬಂದವರಿಗೆಲ್ಲ ನೀರು, ಬೆಲ್ಲ. ಅವರು ಹೋದ ಮೇಲೆ ಮನೆ ನನ್ನ ಕೈಗೆ ಬಂತು. ಒಂದು ಪರ್ಯಾಯದಲ್ಲಿ ಹಳ್ಳಿಯ ಹೆಂಗಸೊಬ್ಬಳು ಪುಟ್ಟ ಹುಡುಗಿಯ ಕೈಹಿಡಿದು ಬಂದು, "ಅಕ್ಕಾ, ಮಗುವಿಗೆ ಅರ್ಜೆಂಟು, ಒಳಗೆ ಸ್ವಲ್ಪ ಬಿಡ್ತೀರಾ?" ಎಂದಳು. ಬೆಳಗಿನಿಂದ ಅದೇ ಕೇಳಿ ಸಾಕಾಗಿದ್ದ ನಾನು, "ನೀರಿಲ್ಲಮ್ಮ" ಎಂದು ಚಿಲಕ ಹಾಕಿಕೊಂಡೆ. ಹಿತ್ತಲ ಬಾವಿ ತುಂಬಿತ್ತು.

ಹಾಗಾದರೆ ನಾನೂ ಆ ಮುದುಕಿಯೂ ಒಂದೇ ಎನ್ನೋಣವೇ? ಟೆಂಟಿನಲ್ಲಿ ನಿದ್ದೆ ಬಾರದೆ ಹೊರಳುತ್ತ ಇದನ್ನೇ ಯೋಚಿಸಿದೆ. ಇಲ್ಲ. ಆಕೆ ನಿರಾಕರಿಸಿದ್ದು ನಮ್ಮ ಅನುಕೂಲವನ್ನು. ನಾನು ನಿರಾಕರಿಸಿದ್ದು ಒಂದು ಮಗುವಿನ ಅಗತ್ಯವನ್ನು. ಮೇಲಾಗಿ ಆಕೆ ಸುಳ್ಳು ಹೇಳಲಿಲ್ಲ.

ಆಕೆಯ ಕಷ್ಟವೂ ಸಣ್ಣದಲ್ಲ. 1950ರ ದಶಕದ ಆರಂಭದಲ್ಲಿ ಹಳೆಯ ವೆನಿಸ್ಸಿನಲ್ಲಿ ಸುಮಾರು 1,75,000 ಜನರಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗರ ಕೋಣೆಗಳಾದವು. ನಾವು ಹೋಗಿಬಂದ ಮರುವರ್ಷ, 2024ರ ಏಪ್ರಿಲ್ 25ರಿಂದ, ಹಗಲು ಬಂದು ಹೋಗುವವರು ಕೆಲವು ದಿನಗಳಲ್ಲಿ 5 ಯೂರೋ ಕೊಡಬೇಕೆಂಬ ನಿಯಮವೂ ಬಂತು. ಹಣ ಕೊಟ್ಟವರಿಗೆ ಊರು ನೋಡುವ ಅವಕಾಶ ಸಿಗಬಹುದು. ಮೆಟ್ಟಿಲ ಮೇಲೆ ಹಕ್ಕು ಬರುವುದೇ? ನೀವೇ ಹೇಳಿ.

ಜನಜಂಗುಳಿಯ ದೊಡ್ಡ ಕೇಡೆಂದರೆ ಮುಖಗಳು ಕಾಣದಂತಾಗುವುದು. ಬಂದವರಿಗೆ ಊರಿನವರು ಕಾಣುವುದಿಲ್ಲ, ಅರಮನೆ ಮಾತ್ರ ಕಾಣುತ್ತದೆ. ಊರಿನವರಿಗೆ ಬಂದವರಲ್ಲಿ ಸುಸ್ತಾದವರು ಯಾರು, ಸುಮ್ಮನೆ ಕುಳಿತವರು ಯಾರು ಎಂಬ ವ್ಯತ್ಯಾಸವೇ ತಿಳಿಯುವುದಿಲ್ಲ. ಅತ್ತೆಗೆ ತಿಳಿಯುತ್ತಿತ್ತು.

2024ರ ಜನವರಿಯ ಪರ್ಯಾಯಕ್ಕೆ ಹಿತ್ತಲ ಬಾಗಿಲು ತೆರೆದು, ಬಕೆಟ್ಟಿನಲ್ಲಿ ನೀರು ತುಂಬಿಸಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಅಂಗಳವೆಲ್ಲ ಕೆಸರು. ನನಗೆ ಸಿಟ್ಟು ಬಂದದ್ದು ನಿಜ. ನಾಲ್ಕು ಗಂಟೆಗೆ, "ಇನ್ನು ನನ್ನ ಕೈಲಾಗದು, ಮಕ್ಕಳಿದ್ದರೆ ಮಾತ್ರ ಬನ್ನಿ" ಎಂದುಬಿಟ್ಟೆ. ಆದರೆ ನೀರಿಲ್ಲ ಎಂದು ಮಾತ್ರ ಹೇಳಲಿಲ್ಲ.