ಹೆಬ್ಬೆಟ್ಟೂ ರಿಮೋಟೂ

ಕಳೆದ ಯುಗಾದಿ ಹೊತ್ತಿಗೆ ನಮ್ಮ ಮನೆಗೆ ಸ್ಮಾರ್ಟ್ ಟಿ.ವಿ. ಬಂತು. ಗಾರ್ಮೆಂಟ್ಸಿಗೆ ಹೋಗುವ ಅಕ್ಕ ಕಂತಿನ ಮೇಲೆ ತಂದದ್ದು. ಪೆಟ್ಟಿಗೆ ಬಿಚ್ಚಿ, ವೈರು ಸಿಕ್ಕಿಸಿ, ಮನೆಮಂದಿಯೆಲ್ಲ ಚಾಪೆ ಹಾಸಿ ಕೂತರೆ ಚಿತ್ರವೇ ಬರಲಿಲ್ಲ. ಇಂಗ್ಲಿಷಿನ ಪುಟವೊಂದು ಬಂತು. ಕೆಳಗಿಳಿಸಿದಷ್ಟೂ ಬರಹ. ಕೊನೆಗೊಂದು ಗುಂಡಿ: ಒಪ್ಪಿದ್ದೇನೆ.

"ಅದೇನ ಕೇಳ್ತಾ ಅದೆ ಮಗ?" ಅಂದಳು ಅವ್ವ. ಬಿ.ಎ. ಮಾಡಿದವರು ನಾವು, ಓದಲು ಶುರು ಮಾಡಿದೆವು. ಎರಡನೆ ಪುಟಕ್ಕೆ ನಮಗೂ ತಲೆ ತಿರುಗಿತು. "ಒತ್ತು ಅತ್ಲಾಗೆ, ಪಿಚ್ಚರ್ ಬರ್ಲಿ" ಅಂದಳು. ಒತ್ತಿದೆವು.

ಒಡೆಯನ ಜಗುಲಿಯ ಕೆಳಗೆ ನಿಂತು ನಮ್ಮ ತಾತನೂ ಹೀಗೇ ಒತ್ತಿದ್ದ. ತಂಗಿ ಮದುವೆಗೆ ತಂದ ಮುನ್ನೂರು ರೂಪಾಯಿಗೆ. ಪತ್ರ ಬರೆದವನೇ ಓದಿ ಹೇಳಿದ. ಏನು ಓದಿದನೋ, ಏನು ಬಿಟ್ಟನೋ. ತಾತ ಹನ್ನೊಂದು ವರ್ಷ ಜೀತ ಮಾಡಿದ. ಯಾರಾದರೂ ಅಯ್ಯೋ ಪಾಪ ಅಂದರೆ ಊರಲ್ಲಿ ಸಿದ್ಧ ಉತ್ತರವೊಂದಿತ್ತು: "ಅವ್ನೇ ಒಪ್ಪಿ ಒತ್ತವ್ನೆ."

ಜೀತಕ್ಕೂ ಟಿ.ವಿ.ಗೂ ಏನು ಸಂಬಂಧ ಅಂತ ನೀವು ನಗಬಹುದು. ನಾವೂ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ತಾತನ ಬೆನ್ನ ಮೇಲಿನ ಬಾಸುಂಡೆಗೆ ಯಾವ ಟಿ.ವಿ.ಯೂ ಸಮವಾಗದು. ಆದರೆ "ಅವನೇ ಒಪ್ಪಿದ್ದಾನೆ" ಅನ್ನುವ ಮಾತಿದೆಯಲ್ಲ, ಅದು ಮಾತ್ರ ಅದೇ ಮಾತು. ಸ್ಮಾರ್ಟ್ ಟಿ.ವಿ.ಗಳಿಗೂ ಅಲೆಕ್ಸಾದಂಥ ಧ್ವನಿ ಸಹಾಯಕ ಯಂತ್ರಗಳಿಗೂ ಸರ್ಕಾರ ಕಡಿವಾಣ ಹಾಕಬೇಕೆ ಬೇಡವೆ ಅಂತ ದೇಶದೇಶಗಳಲ್ಲಿ ವಾದ ನಡೆದಿದೆ. ಬೇಡ ಅನ್ನುವವರು ಮೊದಲು ಎತ್ತುವುದೇ ಈ ಮಾತನ್ನು. ಕೊಂಡವನು ಒಪ್ಪಿದ್ದಾನೆ, ಮಾರಿದವನು ಎಲ್ಲ ಬರೆದು ತೋರಿಸಿದ್ದಾನೆ, ನಡುವೆ ಸರ್ಕಾರಕ್ಕೇನು ಕೆಲಸ?

ಒಪ್ಪಿದ್ದು ಯಾವುದಕ್ಕೆ ಅಂತ ನೋಡೋಣ. ಅನೇಕ ಸ್ಮಾರ್ಟ್ ಟಿ.ವಿ.ಗಳಲ್ಲಿ ಪರದೆಯ ಮೇಲಿನ ಚಿತ್ರದ ಗುರುತು ತೆಗೆದು ಕಂಪನಿಗೆ ಕಳಿಸುವ ಏರ್ಪಾಡು ಇರುತ್ತದೆ. ಅಲ್ಲಿ ಅದನ್ನು ದೊಡ್ಡದೊಂದು ಪಟ್ಟಿಯ ಜೊತೆ ತಾಳೆ ನೋಡಿ, ಈ ಮನೆಯವರು ಇಷ್ಟು ಹೊತ್ತಿಗೆ ಇಂಥದ್ದನ್ನು ನೋಡಿದರು ಅಂತ ಬರೆದಿಡುತ್ತಾರೆ. ಅಮೆರಿಕದಲ್ಲಿ ವಿಜಿಯೊ ಅನ್ನುವ ಕಂಪನಿ 1 ಕೋಟಿ 10 ಲಕ್ಷ ಟಿ.ವಿ.ಗಳಿಂದ ಹೀಗೆ ಕ್ಷಣಕ್ಷಣದ ಲೆಕ್ಕ ತೆಗೆದು, ಅದಕ್ಕೆ ಮನೆಯವರ ವಯಸ್ಸು, ಆದಾಯದಂಥ ವಿವರ ಜೋಡಿಸಿ ಮಾರಿಕೊಂಡಿತು ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2017ರಲ್ಲಿ ದಾವೆ ಹೂಡಿತು. 22 ಲಕ್ಷ ಡಾಲರ್ ಕಟ್ಟಿ ಕಂಪನಿ ರಾಜಿಯಾಯಿತು. ಲೆಕ್ಕ ಹಾಕಿ: ಒಂದು ಟಿ.ವಿ.ಗೆ ಇಪ್ಪತ್ತು ಸೆಂಟು. ಒಂದು ಮನೆಯ ಗುಟ್ಟಿಗೆ ಅಷ್ಟೇ ದಂಡ.

ಧ್ವನಿ ಯಂತ್ರದ ಕತೆಯೂ ಬೇರೆಯಲ್ಲ. ಹೆಸರು ಹಿಡಿದು ಕರೆದಾಗ ಮಾತ್ರ ಮಾತನ್ನು ಕಂಪನಿಗೆ ಕಳಿಸುತ್ತೇನೆ ಅನ್ನುತ್ತದೆ. ಆದರೆ ಕರೆದದ್ದು ಗೊತ್ತಾಗಬೇಕಾದರೆ ಸದಾ ಕಿವಿ ತೆರೆದೇ ಇರಬೇಕಲ್ಲ. ತಪ್ಪಿ ಎಚ್ಚರವಾಗುವುದೂ ಉಂಟು. ಅಲೆಕ್ಸಾಗೆ ಜನ ಆಡಿದ ಮಾತನ್ನು ಕೇಳಿ ಬರೆದುಕೊಳ್ಳಲು ಸಾವಿರಾರು ನೌಕರರಿದ್ದಾರೆ, ಇಂಡಿಯಾದಲ್ಲೂ ಇದ್ದಾರೆ ಅಂತ 2019ರಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಬಯಲು ಮಾಡಿತು. ನಮ್ಮ ಜೊತೆ ಓದಿದವರು ಯಾರಾದರೂ ಆ ಕುರ್ಚಿಯಲ್ಲಿ ಕೂತಿದ್ದರೂ ಆಶ್ಚರ್ಯವಿಲ್ಲ. ಕೆಲಸ ಬೇಕಲ್ಲ. ಮಕ್ಕಳ ಧ್ವನಿಯನ್ನು ಅಳಿಸದೆ ಇಟ್ಟುಕೊಂಡ ಆರೋಪಕ್ಕೆ ಅದೇ ಅಮೆಜಾನ್ 2023ರಲ್ಲಿ 2 ಕೋಟಿ 50 ಲಕ್ಷ ಡಾಲರ್ ಕಟ್ಟಲು ಒಪ್ಪಿತು.

ಇದಕ್ಕೆಲ್ಲ ನಮ್ಮವ್ವ "ಒಪ್ಪಿದ್ದಾಳೆ".

ಹಾಗಾದರೆ ಹೆಬ್ಬೆಟ್ಟಿಗೆ ಬೆಲೆಯೇ ಇಲ್ಲವೆ? ಬೆಲೆ ಇಲ್ಲ ಅಂತ ಈ ದೇಶ ಒಮ್ಮೆ ಕಾನೂನು ಮಾಡಿದೆ. 1976ರ ಜೀತ ರದ್ದತಿ ಕಾಯ್ದೆ ತಾತನ ಪತ್ರವನ್ನು ಓದಲೂ ಹೋಗಲಿಲ್ಲ. ಇಂಥ ಕರಾರು ಕರಾರೇ ಅಲ್ಲ, ಸಾಲ ಅಳಿಯಿತು, ಹೋಗು ಅಂದಿತು. ಒಡೆಯರು ಎಷ್ಟು ಕೂಗಿದರು! ಇದು ನಮ್ಮ ಸ್ವಾತಂತ್ರ್ಯಕ್ಕೆ ಕೈ ಹಾಕಿದ್ದು ಅಂದರು. ಕೈ ಹಾಕಿದ್ದೇ ಹೌದು. ಹೋಟೆಲಿನೊಳಗೆ ಬೆಂಚಿನ ಮೇಲೆ ಕೂತು ನಾವು ಟೀ ಕುಡಿಯಬೇಕಾದರೆ ಹೋಟೆಲ್ ಮಾಲೀಕನ ಸ್ವಾತಂತ್ರ್ಯಕ್ಕೆ ಸಂವಿಧಾನದ 15ನೆ ವಿಧಿ ಕೈ ಹಾಕಬೇಕಾಯಿತು. ಸರ್ಕಾರ ಹಿಂದೆ ಸರಿದರೆ ಉಳಿಯುವುದು ಯಾರ ಸ್ವಾತಂತ್ರ್ಯ ಅಂತ ಬಾಬಾಸಾಹೇಬರು 1947ರಲ್ಲೇ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಕೇಳಿದ್ದರು. ಭೂಮಿ ಇದ್ದವನದು, ಕೂಲಿ ಕೊಡುವವನದು. ಕಾನೂನು ಇಲ್ಲದ ಊರಿನಲ್ಲಿ ಕಟ್ಟಳೆ ಇರಲಿಲ್ಲವೆ? ಬಾವಿ ಯಾರದೋ ಕಟ್ಟಳೆ ಅವರದೇ ಇತ್ತು.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ವಾದ ಸಲೀಸು. ಆದರೆ ಸಂಘಟನೆಯ ಗೆಳೆಯರೊಬ್ಬರು ಮೊನ್ನೆ ಕೇಳಿದರು: "ಆ ಜೀತದ ಕಾನೂನಿನ ಸುಗ್ರೀವಾಜ್ಞೆ ಹೊರಟದ್ದು 1975ರ ಅಕ್ಟೋಬರಿನಲ್ಲಿ. ಆಗ ದೇಶದಲ್ಲಿ ಏನು ನಡೀತಿತ್ತು?" ತುರ್ತು ಪರಿಸ್ಥಿತಿ ನಡೆಯುತ್ತಿತ್ತು. ಒಂದು ಕೈಯಿಂದ ಜೀತದಾಳಿನ ಹಗ್ಗ ಬಿಚ್ಚಿದ ಸರ್ಕಾರ ಇನ್ನೊಂದು ಕೈಯಿಂದ ಪತ್ರಿಕೆಯ ಬಾಯಿ ಕಟ್ಟಿತ್ತು. ಟಿ.ವಿ.ಯ ಕಿವಿಗೆ ಬೀಗ ಹಾಕು ಅಂತ ಸರ್ಕಾರಕ್ಕೆ ಹೇಳಿದರೆ, ಬೀಗ ಹಾಕಿ ಕೀಲಿಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡರೆ? ಪೊಲೀಸ್ ಠಾಣೆಯ ಬಾಗಿಲು ಕಂಡವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಿಲ್ಲ.

ಭಯಕ್ಕೆ ಆಧಾರವೂ ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಸಾರಿದರು. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲಿ ಒಳ್ಳೆಯದಿದೆ: ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೆ ಅನುಸೂಚಿಯ ಭಾಷೆಯಲ್ಲೋ ಓದುವ ಆಯ್ಕೆ ಕೊಡಬೇಕು. ಅಂದರೆ ಕನ್ನಡದಲ್ಲಿ ಕೇಳುವ ಹಕ್ಕು ಅವ್ವನಿಗಿದೆ. ಆದರೆ ಅದೇ ಕಾಯ್ದೆಯ 17ನೆ ಕಲಮಿನಲ್ಲಿ, ದೇಶದ ಭದ್ರತೆ, ಸಾರ್ವಜನಿಕ ಶಿಸ್ತು ಮುಂತಾದವುಗಳ ಹೆಸರಲ್ಲಿ ಕೇಂದ್ರ ಸರ್ಕಾರ ತನಗೆ ಬೇಕಾದ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡಬಹುದು. ಇನ್ನೂ ಒಂದಿದೆ. 2025ರ ನವೆಂಬರಿನಲ್ಲಿ ನಿಯಮಗಳು ಹೊರಬಿದ್ದಾಗ, ಒಪ್ಪಿಗೆಯ ಕಟ್ಟುಪಾಡು ಪಾಲಿಸಲು ಕಂಪನಿಗಳಿಗೆ ಹದಿನೆಂಟು ತಿಂಗಳ ಗಡುವು ಸಿಕ್ಕಿತು. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಮೊಟಕು ಮಾಡುವ ತಿದ್ದುಪಡಿಗೆ ಮಾತ್ರ ಗಡುವೇ ಇರಲಿಲ್ಲ. ಕೂಡಲೆ ಜಾರಿಗೆ ಬಂತು. ಪಂಚಾಯ್ತಿಯ ಮನೆ ಹಂಚಿಕೆ ಪಟ್ಟಿ ಕೇಳಿದರೆ "ವೈಯಕ್ತಿಕ ಮಾಹಿತಿ" ಅಂತ ಹೇಳಿ ಕಳಿಸಲು ಗುಮಾಸ್ತನಿಗೆ ಈಗ ದಾರಿ ಸಲೀಸು. 8(2)ರಲ್ಲಿ ಸಾರ್ವಜನಿಕ ಹಿತದ ಕಿಂಡಿಯೊಂದು ಉಳಿದಿದೆ, ನಿಜ. ಕಿಂಡಿಯಲ್ಲಿ ತೂರಲು ವಕೀಲರು ಬೇಕು. ನಮ್ಮ ಮನೆ ಕಾಯಲೆಂದು ತಂದ ನಾಯಿ ಮೊದಲು ಕಚ್ಚಿದ್ದು ನಮ್ಮನ್ನೇ.

ಹಾಗಂತ ಕಂಪನಿಯ ಕೈಗೇ ಬಿಟ್ಟುಬಿಡೋಣವೆ? ಆಗದು. ನಾವು ಕೇಳಬೇಕಾದ್ದು ಇಷ್ಟು: ಕಾನೂನು ಯಂತ್ರದ ಕಿವಿಗೆ ಇರಲಿ, ಮನುಷ್ಯರ ಬಾಯಿಗೆ ಬೇಡ. ಟಿ.ವಿ. ಏನು ಕದಿಯಬಾರದು ಅಂತ ಸರ್ಕಾರ ಹೇಳಲಿ, ಟಿ.ವಿ.ಯಲ್ಲಿ ಯಾರು ಏನು ಮಾತಾಡಬಾರದು ಅಂತ ಹೇಳುವ ನೆಪ ಅದಕ್ಕೆ ಸಿಗದಿರಲಿ. ಕಿವಿ ಮುಚ್ಚಿಯೇ ಪೆಟ್ಟಿಗೆ ಅಂಗಡಿಯಿಂದ ಬರಲಿ, ತೆರೆಯಬೇಕೆಂದವರು ತೆರೆದುಕೊಳ್ಳಲಿ. ಕಂಪನಿಗೆ ಹಾಕಿದ ಬೇಲಿಯೇ ಪೊಲೀಸಿಗೂ ಇರಲಿ.

ನಮ್ಮ ದೇಶದಲ್ಲಿ ಟಿ.ವಿ. ವೇದಿಕೆಗಳ ಮೇಲೆ ಕ್ರಮವೇ ಆಗಿಲ್ಲ ಅಂತಲ್ಲ. ತನ್ನ ಆ್ಯಪುಗಳ ಇಡೀ ಗಂಟನ್ನು ಟಿ.ವಿ. ತಯಾರಕರಿಗೆ ಕಟ್ಟಿಬಿಡುತ್ತದೆ ಅನ್ನುವ ದೂರಿನ ಮೇಲೆ ಸ್ಪರ್ಧಾ ಆಯೋಗ 2021ರಲ್ಲಿ ಗೂಗಲ್ ವಿರುದ್ಧ ತನಿಖೆಗೆ ಹೇಳಿತು. 2025ರ ಏಪ್ರಿಲಿನಲ್ಲಿ 20.24 ಕೋಟಿ ರೂಪಾಯಿಗೆ ರಾಜಿಯಾಯಿತು. ಬೇಕಾದ್ದನ್ನಷ್ಟೆ ಬಿಡಿಯಾಗಿ ಕೊಳ್ಳಲು ತಯಾರಕರಿಗೆ ಅವಕಾಶವಾಯಿತು. ಒಳ್ಳೆಯದೇ. ಆದರೆ ಅದು ದೊಡ್ಡ ಸಾಹುಕಾರನಿಗೂ ಸಣ್ಣ ಸಾಹುಕಾರನಿಗೂ ಆದ ಪಂಚಾಯ್ತಿ. ಚಾಪೆ ಮೇಲೆ ಕೂತವರ ಮಾತು ಅದರಲ್ಲಿ ಬರಲಿಲ್ಲ. ಇಂಗ್ಲೆಂಡಿನಲ್ಲಿ 2024ರ ಮಾಧ್ಯಮ ಕಾಯ್ದೆ, ಸ್ಮಾರ್ಟ್ ಟಿ.ವಿ.ಯಲ್ಲಿ ಬಿಬಿಸಿಯಂಥ ಸಾರ್ವಜನಿಕ ವಾಹಿನಿಗಳು ಸುಲಭವಾಗಿ ಕಣ್ಣಿಗೆ ಬೀಳಬೇಕು ಅಂದಿದೆ. ನಮ್ಮಲ್ಲಿ ದೂರದರ್ಶನವನ್ನು ತೋರಿಸಲೇಬೇಕು ಅಂತ ಕೇಬಲ್ಲಿನವರಿಗೆ 1995ರ ಕಾಯ್ದೆಯೇ ಹೇಳಿತ್ತು. ಅದರಿಂದ ಕೇರಿ ಎಷ್ಟು ಕಂಡಿತು ಅಂತ ನೋಡಿದವರಿಗೆ ಗೊತ್ತು.

ಕೊನೆಗೆ ಮಾತಿನ ವಿಚಾರ. ಗೂಗಲಿನ ಧ್ವನಿ ಸಹಾಯಕ 2019ರ ಹೊತ್ತಿಗೆ ಫೋನಿನಲ್ಲಿ ಕನ್ನಡ ಕಲಿತಿತ್ತು. ಅಕ್ಕ ಅದನ್ನು ಮಾತಾಡಿಸಿದಾಗ ನಾಲ್ಕು ಸಲ ತಪ್ಪಿತು, ಐದನೆ ಸಲ ಅಕ್ಕ ಟಿ.ವಿ. ವಾರ್ತೆಯವರ ಥರ ಮಾತಾಡಿದಳು, ಆಗ ಕೇಳಿಸಿಕೊಂಡಿತು. ಇಸ್ಕೂಲಿನಲ್ಲಿ ಮೇಷ್ಟ್ರು ನಮ್ಮ ನಾಲಗೆ ತಿದ್ದಿದ್ದು ನೆನಪಾಯಿತು. ಇನ್ನೊಂದು ಕಡೆ, ಪೇಟೆಯ ಮನೆಯೊಂದರಲ್ಲಿ ಆರು ವರ್ಷದ ಹುಡುಗ ಆ ಯಂತ್ರವನ್ನು "ಏಯ್, ಹಾಡು ಹಾಕೇ" ಅಂತ ಗದರುತ್ತಿದ್ದ. ಅದು ಹೆಂಗಸಿನ ದನಿಯಲ್ಲಿ ತಪ್ಪಾಯಿತು ಅನ್ನುತ್ತಿತ್ತು. ಒಡೆಯರ ಮನೆ ಚಿಕ್ಕ ಹುಡುಗರು ನಮ್ಮ ತಾತನನ್ನು "ಬಾರ್ಲಾ" ಅನ್ನುತ್ತಿದ್ದದ್ದೂ ಆ ವಯಸ್ಸಿನಲ್ಲೇ. ಇದಕ್ಕೆ ಯಾವ ಕಾನೂನು ಅಂತ ನಮಗೂ ತಿಳಿಯದು.

ಮೊನ್ನೆ ಭಾನುವಾರ ಕೂತು ನಮ್ಮ ಟಿ.ವಿ.ಯ ಆ ಏರ್ಪಾಡನ್ನು ಹುಡುಕಿ ಆರಿಸಿದೆವು. ಮುಕ್ಕಾಲು ಗಂಟೆ ಹಿಡಿಯಿತು. ಒಪ್ಪಲು ಒಂದೇ ಗುಂಡಿ. ಒಲ್ಲೆ ಅನ್ನಲು ಆರು ಪುಟ ದಾಟಬೇಕು. ಅವ್ವ ಪಕ್ಕದಲ್ಲೇ ಕೂತು ನೋಡುತ್ತಿದ್ದಳು.

"ಈಗ ಅದು ಏನೂ ಬರ್ಕೊಳದಿಲ್ವ?"

"ಇಲ್ಲ ಅಂತ ತೋರಿಸ್ತಾ ಅದೆ ಅವ್ವ."

"ತೋರುಸ್ತಾ ಅದೆ ಸರಿ. ನಿಜ್ವಾಗ್ಲೂ ಬಿಟ್ಟದಾ ಅಂತ ಯಾರ್ ನೋಡಿದ್ದು?"

ಯಾರೂ ನೋಡಿರಲಿಲ್ಲ. ಬೀದಿಯ ಉಳಿದ ಏಳು ಟಿ.ವಿ.ಗಳನ್ನು ಮುಂದಿನ ವಾರ ಹಿಡಿಯಬೇಕು. ಮೇಷ್ಟ್ರುಗಳು ಯಾರಾದರೂ ಬಂದು ಇಂಗ್ಲಿಷ್ ಓದಿ ಹೇಳುವುದಾದರೆ ಭಾನುವಾರ ಬೆಳಗ್ಗೆಯೇ ಬನ್ನಿ, ಮಧ್ಯಾಹ್ನದ ಮೇಲೆ ಪಿಚ್ಚರ್ ಶುರುವಾದರೆ ಯಾರೂ ರಿಮೋಟ್ ಕೊಡುವುದಿಲ್ಲ.